ಸಹಾಯ ಬೇಕು: ಪಾಳಿ ಬದಲಾವಣೆಗೆ ಒಂದೇ ಪುಟದ ಹ್ಯಾಂಡ್‌ಓವರ್ ಹಾಳೆ

ದೀರ್ಘಕಾಲೀನ ಆರೈಕೆ ಕೇಂದ್ರದಲ್ಲಿ ಪಾಳಿಯ ಹೊಣೆ ಹೊತ್ತ ಪ್ರಾಕ್ಟಿಕಲ್ ನರ್ಸ್‌ಗಳು (ರಿಜಿಸ್ಟರ್ಡ್ ನರ್ಸ್‌ಗಿಂತ ಕಡಿಮೆ ಅವಧಿಯ ತರಬೇತಿ ಪಡೆದವರು) ನಿವಾಸಿಗಳ ಸ್ಥಿತಿಯನ್ನು ಮುಂದಿನ ಪಾಳಿಗೆ ತಿಳಿಸಲು ಬಳಸುವ ಹಾಳೆ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಾಕಿ. ನಿವಾಸಿಗಳ ಹೆಸರು, ರೂಮ್ ನಂಬರ್ ಅಳಿಸಿರಲಿ.

ಈಗಿರುವ ಹಾಳೆಯಲ್ಲಿ ಬಿಪಿ, ಪಲ್ಸ್, ಜ್ವರಕ್ಕೆ ಜಾಗ ಇದೆ, ‘ನಿನ್ನೆಗಿಂತ ಏನು ಬೇರೆ’ ಅನ್ನುವುದಕ್ಕೆ ಇಲ್ಲ. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಏರದೇ ಇರಬಹುದು. ತಾವೇ ಚಮಚ ಹಿಡಿದು ಉಣ್ಣುತ್ತಿದ್ದವರು ಇದ್ದಕ್ಕಿದ್ದಂತೆ ತಟ್ಟೆ ನೋಡುತ್ತಾ ಮಂಕಾಗಿ ಕೂತರೆ ಅದೇ ಮೊದಲ ಸುಳಿವಾಗಿರಬಹುದು. ಅದು ಕಣ್ಣಿಗೆ ಬೀಳುವುದು ಆರೈಕೆ ಸಹಾಯಕರಿಗೆ. ಅವರು ಬಾಯಲ್ಲಿ ಹೇಳಿದ್ದು ಮುಂದಿನ ಪಾಳಿಗೆ ತಲುಪುವುದೇ ಇಲ್ಲ. ‘ಚೆನ್ನಾಗಿದ್ದಾರೆ’ ಅಂತ ಬರೆದು ಸಹಿ ಹಾಕುವ ಅಭ್ಯಾಸ ಬೇರೆ!

ಮಗ್ಗುಲು ಬದಲಿಸಿದ ಸಮಯದ ಜೊತೆ ಯಾವ ಬದಿ ಅನ್ನುವುದೂ ಬೇಕು. ಬರೀ ಟಿಕ್ ಇದ್ದರೆ ಎರಡೂ ಪಾಳಿಯವರು ಎಡಕ್ಕೇ ಮಲಗಿಸಿರುತ್ತಾರೆ. ಬೆನ್ನಿನ ತಳಭಾಗ, ಹಿಮ್ಮಡಿ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿದಾಗ ಬಿಳಿಚುತ್ತದೆಯೇ? ಬಿಳಿಚದಿದ್ದರೆ ಮೊದಲ ಹಂತದ ಒತ್ತಡದ ಹುಣ್ಣು (ಒಂದೇ ಬದಿಗೆ ಬಹಳ ಹೊತ್ತು ಮಲಗಿ ಚರ್ಮ ಒತ್ತಿ ಆಗುವಂಥದ್ದು) ಎಂದೇ ಲೆಕ್ಕ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಇರಬಹುದು, ಹಾಗಾಗಿ ಬಿಸಿ, ಗಟ್ಟಿತನ, ನೋವಿಗೂ ಕಾಲಂ ಇರಲಿ. ತೂಕಕ್ಕೆ ಒಂದು ಸಾಲು ಸಾಕು: ತಿಂಗಳಲ್ಲಿ ಶೇ. 5 ಇಳಿದರೆ ಗುರುತು.

ಮುಖ್ಯವಾಗಿ, ಯಾವುದನ್ನು ಪ್ರಾಕ್ಟಿಕಲ್ ನರ್ಸ್ ತಾನೇ ನಿಭಾಯಿಸಬಹುದು, ಯಾವುದಕ್ಕೆ ರಿಜಿಸ್ಟರ್ಡ್ ನರ್ಸ್ ಅಥವಾ ಡಾಕ್ಟರಿಗೆ ತಕ್ಷಣ ಫೋನ್ ಮಾಡಬೇಕು ಅನ್ನುವುದು ಹಾಳೆಯಲ್ಲೇ ಇರಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಆರಾಮಾಗಿ ಮಾತಾಡುತ್ತಿದ್ದರೂ ಫೋನ್ ಮಾಡಲೇಬೇಕು. ಇಂಥ ಪಟ್ಟಿ ಮಾಡಿಕೊಂಡವರು ಫೋಟೋ ಹಾಕಿದರೂ ಸಾಕು.