ಗಿಟಾರಿನ ‘ಆಕ್ಷನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಈಚೆಗೆ ಕಡಿಮೆ ಬೆಲೆಯ ಒಂದು ಅಕೌಸ್ಟಿಕ್-ಎಲೆಕ್ಟ್ರಿಕ್ ಗಿಟಾರ್ (ಹಾಗೇ ನುಡಿಸಬಹುದು, ಆಂಪ್ಲಿಫೈಯರ್‌ಗೂ ಸಿಕ್ಕಿಸಬಹುದು) ಕೊಂಡೆ. ನನ್ನ ಹಾಗೆ ಹವ್ಯಾಸಕ್ಕೆ ನುಡಿಸುವವರಿಗೆ ಉಪಯೋಗವಾಗಲಿ ಅಂತ ಅದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮರ, ತಂತಿ, ಬಿರಡೆ, ಶ್ರುತಿ ಇವುಗಳ ಮಾತೆಲ್ಲ ಸಲೀಸಾಗಿ ಬಂತು. ಆದರೆ ಬರಹದ ಮುಖ್ಯ ಜಾಗದಲ್ಲೇ ಒಂದು ಪದ ಕೈಗೆ ಸಿಗುತ್ತಿಲ್ಲ. ಅದು ‘ಆಕ್ಷನ್’.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ತಂತಿಗೂ ಅದರ ಕೆಳಗೆ ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿರುವ ಲೋಹದ ಪಟ್ಟಿಗೂ (ಫ್ರೆಟ್) ನಡುವೆ ಎಷ್ಟು ಜಾಗ ಇದೆ ಅನ್ನುವುದೇ ಆಕ್ಷನ್. ಸಾಮಾನ್ಯವಾಗಿ 12ನೇ ಫ್ರೆಟ್ ಹತ್ತಿರ ಅಳೆಯುತ್ತಾರೆ. ತಂತಿಯ ಉದ್ದದ ಅರ್ಧ ಅಲ್ಲಿಗೆ ಬರುತ್ತದೆ. ಸ್ಟೀಲ್ ತಂತಿಯ ಗಿಟಾರಿನಲ್ಲಿ ದಪ್ಪ ತಂತಿಯ ಕೆಳಗೆ 2.5 ಮಿ.ಮೀ., ತೆಳು ತಂತಿಯ ಕೆಳಗೆ 2 ಮಿ.ಮೀ. ಆಸುಪಾಸು ಇದ್ದರೆ ಬೆರಳಿಗೆ ಹಿತ. ನನ್ನದು ತಂದಾಗ ದಪ್ಪ ತಂತಿ 3 ಮಿ.ಮೀ.ಗೂ ಮೇಲೆ ನಿಂತಿತ್ತು. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಇದು ಮಾಮೂಲು. ಕಾರಣ ಇಷ್ಟೇ: ತಂತಿ ಕೆಳಗಿದ್ದು ಫ್ರೆಟ್‌ಗೆ ತಾಗಿ ಝರ್ ಅಂದರೆ ಕೊಂಡವರು ತಕ್ಷಣ ವಾಪಸ್ ತರುತ್ತಾರೆ. ಬೆರಳು ನೋಯುತ್ತೆ ಅಂತ ವಾಪಸ್ ತರುವವರು ಕಡಿಮೆ. ಹೊಸದಾಗಿ ಕಲಿಯುವವರಂತೂ ನೋವು ತಮ್ಮ ಕೈಯದೇ ತಪ್ಪು ಅಂದುಕೊಂಡು ಸುಮ್ನೆ ಸಹಿಸುತ್ತಾರೆ. ಎಷ್ಟೋ ಜನ ಮೊದಲ ತಿಂಗಳಲ್ಲೇ ಗಿಟಾರ್ ಮೂಲೆಗಿಡುವುದಕ್ಕೆ ಇದೇ ಕಾರಣ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಹಾಗಾಗಿ ಈ ಒಂದು ಮಾತು ಅವರಿಗೆ ಓದಿದ ಕೂಡಲೇ ಅರ್ಥವಾಗಬೇಕು.

‘ಗಿಟಾರಿನ ಆಕ್ಷನ್ ಜಾಸ್ತಿ ಇದೆ’ ಅಂತ ಬರೆದರೆ ಹೊಸಬರಿಗೆ ಏನೂ ಗೊತ್ತಾಗಲ್ಲ. ಆಕ್ಷನ್ ಅಂದರೆ ಕನ್ನಡದಲ್ಲಿ ಈಗಾಗಲೇ ಸಿನಿಮಾದ ಹೊಡೆದಾಟ ಅಂತ ನಿಂತುಬಿಟ್ಟಿದೆ, ಅಲ್ವಾ?

ನುಡಿಸುವವರು ಮಾತಿನಲ್ಲಿ ಬಳಸುವ ಪದ ಒಂದಿದೆ: ಬಿಗಿ. ‘ಈ ಗಿಟಾರ್ ತಂತಿ ತುಂಬಾ ಬಿಗಿ, ಒತ್ತೋಕೇ ಆಗಲ್ಲ’ ಅಂತಾರೆ. ಕೇಳಲು ಸಹಜವಾಗಿದೆ. ಆದರೆ ನನಗೆ ಇದು ಬೇಡವೇ ಬೇಡ ಅನ್ನಿಸುವ ಪದ. ಯಾಕೆಂದರೆ ಬಿಗಿ ಬೇರೆ, ಇದು ಬೇರೆ. ತಂತಿಯ ಬಿಗಿ ನಿರ್ಧಾರವಾಗುವುದು ಮೂರರಿಂದ: ತಂತಿಯ ತೂಕ, ಉದ್ದ, ಯಾವ ಸ್ವರಕ್ಕೆ ಶ್ರುತಿ ಮಾಡಿದ್ದೇವೆ ಅನ್ನುವುದು. ಈ ಮೂರೂ ಹಾಗೇ ಇದ್ದರೆ, ತಂತಿ ಫ್ರೆಟ್‌ನಿಂದ ಎಷ್ಟೇ ಮೇಲಿರಲಿ ಕೆಳಗಿರಲಿ, ಬಿಗಿ ಹೆಚ್ಚುಕಮ್ಮಿ ಅಷ್ಟೇ. ಒತ್ತಲು ಕಷ್ಟವಾಗುವುದು ಬೆರಳು ಜಾಸ್ತಿ ದೂರ ತಳ್ಳಬೇಕಾಗಿ ಬರುವುದರಿಂದ. ‘ಬಿಗಿ ಇದೆ’ ಅಂತ ಓದಿದವರು ಏನು ಮಾಡುತ್ತಾರೆ? ಬಿರಡೆ ತಿರುಗಿಸಿ ತಂತಿ ಸಡಿಲ ಮಾಡುತ್ತಾರೆ. ಶ್ರುತಿ ಕೆಡುತ್ತದೆ, ಕಷ್ಟ ಹಾಗೇ ಉಳಿಯುತ್ತದೆ. ಪದವೇ ಓದುಗರನ್ನು ತಪ್ಪು ರಿಪೇರಿಗೆ ಕಳಿಸಿದ ಹಾಗಾಯಿತು.

ಎರಡನೆಯದು ‘ತಂತಿಯ ಎತ್ತರ’. ಅರ್ಥಕ್ಕೆ ಹತ್ತಿರವಿದೆ, ಮೊದಲು ಇದನ್ನೇ ಬರೆದಿಟ್ಟಿದ್ದೆ. ಆದರೆ ಸಂಗೀತದ ಮಾತಿನ ನಡುವೆ ಎತ್ತರ ಅಂದರೆ ದನಿಯ ಎತ್ತರವೂ ಆಗುತ್ತದೆ. ‘ಆರನೇ ತಂತಿ ಎತ್ತರ ಇದೆ’ ಅಂದರೆ ಶ್ರುತಿ ಏರಿದೆ ಅಂತಲೂ ಓದಬಹುದು. ಹಿಂದೆಮುಂದೆ ವಿವರಿಸಿದರೆ ಸರಿಹೋಗುತ್ತದೆ, ನಿಜ. ಆದರೆ ಪ್ರತಿ ಸಲ ವಿವರಿಸಬೇಕಾದ ಪದ ಬಹಳ ದಿನ ಬಾಳುವುದಿಲ್ಲ.

ಸದ್ಯಕ್ಕೆ ನನ್ನ ಮನಸ್ಸು ವಾಲುತ್ತಿರುವುದು ‘ಸಂದು’ ಕಡೆಗೆ. ‘ತಂತಿಯ ಸಂದು 3 ಮಿ.ಮೀ. ಇದೆ’, ‘ಸಂದು ಕಮ್ಮಿ ಮಾಡಿಸಿ’, ‘ಸಂದು ತೀರಾ ಕಮ್ಮಿಯಾದರೆ ಝರ್ ಅನ್ನುತ್ತೆ’. ಮೂರೂ ವಾಕ್ಯ ಸಲೀಸಾಗಿ ಬರುತ್ತವೆ. ಎಲ್ಲರಿಗೂ ಗೊತ್ತಿರುವ ಮಾತು, ಚಿಕ್ಕ ಜಾಗ ಅನ್ನುವ ಭಾವವೂ ಅದರಲ್ಲೇ ಇದೆ. ಒಂದೇ ಅನುಮಾನ: ‘ಗಿಟಾರಿನಲ್ಲಿ ಸಂದು ಇದೆ’ ಅಂದರೆ ಮರದ ಜೋಡಣೆ ಬಿಟ್ಟಿದೆ ಅಂತ ಕೇಳಿಸುತ್ತದೆ. ಅದಕ್ಕೇ ಯಾವಾಗಲೂ ‘ತಂತಿ’ ಸೇರಿಸಿಯೇ ಬರೆಯಬೇಕಾಗುತ್ತದೆ. ‘ಎಡೆ’ ಅನ್ನಬಹುದೇ? ಪದ ಚೆನ್ನಾಗಿದೆ, ಆದರೆ ‘ಎಡೆ ಜಾಸ್ತಿ ಇದೆ’ ಅಂತ ಮಾತಿನಲ್ಲಿ ಯಾರೂ ಅನ್ನುವುದು ನಾನು ಕೇಳಿಲ್ಲ. ‘ಅಂತರ’ ನಡೆಯುತ್ತದೆ, ಆದರೆ ಎರಡು ತಂತಿಗಳ ನಡುವಿನ ಅಂತರ ಬೇರೆಯೇ ಒಂದು ಅಳತೆ. ಬೆರಳು ದಪ್ಪ ಇರುವವರಿಗೆ ಅದೂ ಮುಖ್ಯ. ‘ಅಂತರ’ವನ್ನು ಅದಕ್ಕೆ ಬಿಡುವುದು ಒಳ್ಳೆಯದು.

ಈ ಸಂದನ್ನು ಸರಿಮಾಡುವ ಕೆಲಸದಲ್ಲಿ ಕನ್ನಡದ ಹಳೆಯ ಪದವೊಂದು ತುಂಬ ಚೆನ್ನಾಗಿ ಕೂತಿತು. ವೀಣೆ, ಪಿಟೀಲುಗಳಲ್ಲಿ ತಂತಿ ಹೊತ್ತುಕೊಳ್ಳುವ ಭಾಗಕ್ಕೆ ಕುದುರೆ ಅನ್ನುತ್ತೇವೆ. ಗಿಟಾರಿನ ಬ್ರಿಡ್ಜ್‌ಗೂ ಅದೇ ಹೆಸರು ಸಾಕು. ಗಿಟಾರಿನಲ್ಲಿ ಆ ಮರದ ತುಂಡಿನ ಸೀಳಿನೊಳಗೆ ಇನ್ನೊಂದು ತೆಳು ಬಿಳಿ ಪಟ್ಟಿ ಇರುತ್ತದೆ, ತಂತಿ ನಿಜವಾಗಿ ಕೂರುವುದು ಅದರ ಮೇಲೆ. ಇಂಗ್ಲಿಷಿನಲ್ಲಿ ಅದು ಸ್ಯಾಡಲ್. ನಮ್ಮಲ್ಲಿ ಕುದುರೆ ಮೊದಲೇ ಇರುವುದರಿಂದ ಅದರ ಮೇಲಿನದನ್ನು ‘ಜೀನು’ ಅಂದರೆ ಸಾಕಲ್ವಾ? ನಾನು ಹಾಗೇ ಬರೆದಿದ್ದೇನೆ. ತಕರಾರು ಇದ್ದರೆ ಹೇಳಿ.

ಜೀನನ್ನು ಹೊರಗೆ ತೆಗೆದು ತಳವನ್ನು ಮರಳು ಕಾಗದದ ಮೇಲೆ ಉಜ್ಜಿದೆ. 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಜೀನಿನಲ್ಲಿ 1 ಮಿ.ಮೀ. ತೆಗೆಯಬೇಕು, 12ನೇ ಫ್ರೆಟ್ ಅರ್ಧ ದಾರಿಯಲ್ಲಿರುವುದರಿಂದ ಈ ಲೆಕ್ಕ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸಿ ಆಂಪ್ಲಿಫೈಯರ್‌ಗೆ ಕಳಿಸುವ ಭಾಗ) ಇರುವ ಗಿಟಾರಿನಲ್ಲಿ ಇನ್ನೊಂದು ಎಚ್ಚರ ಬೇಕು. ಪಿಕಪ್ ಪಟ್ಟಿ ಸಾಮಾನ್ಯವಾಗಿ ಜೀನಿನ ಕೆಳಗೇ ಮಲಗಿರುತ್ತದೆ. ಉಜ್ಜುವಾಗ ತಳ ಒಂದು ಕಡೆ ಚೂರು ಡೊಂಕಾದರೂ ಅಲ್ಲಿ ಒತ್ತಡ ಸರಿಯಾಗಿ ಬೀಳುವುದಿಲ್ಲ. ಆಗ ಕೇಬಲ್ ಸಿಕ್ಕಿಸದೆ ನುಡಿಸಿದರೆ ಆರೂ ತಂತಿ ಸಮವಾಗಿ ಕೇಳಿಸುತ್ತವೆ, ಆಂಪ್ಲಿಫೈಯರ್‌ಗೆ ಹಾಕಿದರೆ ಒಂದೆರಡು ತಂತಿಯ ದನಿ ಸಣ್ಣಗಾಗುತ್ತದೆ. ಉಜ್ಜಿದ ತಳವನ್ನು ಗಾಜಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಾಕಿದರೆ ಬೆಳಕು ಎಲ್ಲಿ ನುಸುಳುತ್ತದೆ ಅಂತ ಕಾಣುತ್ತದೆ. ಈಗ ನನ್ನದು 2.4 ಮಿ.ಮೀ.ಗೆ ನಿಂತಿದೆ. ಅದೇ ಗಿಟಾರ್, ಅದೇ ತಂತಿ, ಆದರೂ ಪೂರ್ತಿ ಬೆರಳು ಅಡ್ಡ ಹಾಕಿ ಒತ್ತುವ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಈಗ ಸ್ಪಷ್ಟವಾಗಿ ನುಡಿಯುತ್ತವೆ.

ಎರಡನೆಯ ಪ್ರಶ್ನೆ ‘ಫ್ರೆಟ್’ ಬಗ್ಗೆ. ವೀಣೆಯಲ್ಲಿ ಮೆಟ್ಟು, ಮೆಟ್ಟಿಲು ಎರಡೂ ಬಳಕೆಯಲ್ಲಿವೆ. ಲೋಹದ ಪಟ್ಟಿಗೆ ಆ ಮಾತು ಸರಿ. ಆದರೆ ಗಿಟಾರಿನವರು ‘ಮೂರನೇ ಫ್ರೆಟ್ ಒತ್ತಿ’ ಅಂದರೆ ಲೋಹದ ಮೇಲಲ್ಲ, ಎರಡನೆಯ ಮತ್ತು ಮೂರನೆಯ ಪಟ್ಟಿಗಳ ನಡುವೆ, ಮೂರನೆಯದಕ್ಕೆ ತಾಗಿದಂತೆ. ಲೋಹದ ಮೇಲೇ ಬೆರಳಿಟ್ಟರೆ ದನಿ ಮಂಕಾಗುತ್ತದೆ. ಇದಕ್ಕೆ ‘ಮೆಟ್ಟು’ ಲೋಹಕ್ಕೆ, ‘ಮನೆ’ ನಡುವಿನ ಜಾಗಕ್ಕೆ ಅಂತ ಬೇರೆ ಮಾಡಿದರೆ ಹೇಗೆ? ಚೆಸ್, ಚೌಕಾಬಾರದಲ್ಲಿ ಕಾಯಿ ನಿಲ್ಲುವ ಜಾಗ ಮನೆಯೇ ತಾನೆ. ‘ಮೂರನೇ ಮನೆಯಲ್ಲಿ, ಮೆಟ್ಟಿಗೆ ಹತ್ತಿರ ಬೆರಳಿಡಿ’. ನನಗಂತೂ ಇದು ಇಂಗ್ಲಿಷಿನದಕ್ಕಿಂತ ಸ್ಪಷ್ಟವಾಗಿದೆ ಅನ್ನಿಸಿತು.

ಮೂರನೆಯದು ದನಿಯ ಹೆಸರು. ಗಿಟಾರನ್ನು ಸುಮ್ನೆ ನುಡಿಸಿದರೆ ಮಧ್ಯದ ಸ್ವರಗಳು ತುಂಬಿಕೊಂಡು ಬರುತ್ತವೆ, ಮಂದ್ರ ಸ್ವಲ್ಪ ತೆಳು. ಮುಂಭಾಗದ ಹಲಗೆ ಪದರ ಅಂಟಿಸಿದ್ದು, ಈ ಬೆಲೆಗೆ ಅದು ತಕ್ಕದ್ದೇ. ಹವೆ ಬದಲಾದಾಗ ಸೀಳುವ ಭಯವೂ ಕಮ್ಮಿ. ಆದರೆ ಕೇಬಲ್ ಸಿಕ್ಕಿಸಿ ಜೋರಾಗಿ ನುಡಿಸಿದರೆ ದನಿಯ ಗುಣವೇ ಬದಲಾಗುತ್ತದೆ. ಕಾರಣ ಪಿಯೆಜೊ ಪಿಕಪ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಜಾಕ್ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು 1880ರಲ್ಲಿ ತೋರಿಸಿಕೊಟ್ಟರು. ಇಲ್ಲಿ ಕೆಲಸ ಮಾಡುವುದು ಅದೇ ಗುಣ. ಪಿಕಪ್ ಪಟ್ಟಿಗೆ ಸಿಗುವುದು ಜೀನಿನ ಕೆಳಗಿನ ಒತ್ತಡ ಮಾತ್ರ, ಗಿಟಾರಿನ ಹೊಟ್ಟೆಯೊಳಗಿನ ಗಾಳಿಯ ದನಿ ಅದಕ್ಕೆ ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ತಂತಿಗೆ ಏಟು ಬಿದ್ದ ಆ ಕ್ಷಣವೇ ಮುಂದೆ ಬಂದು ‘ಟಕ್’ ಅಂತ ಚುಚ್ಚುತ್ತದೆ, ಹಿಂದಿನ ತುಂಬುದನಿ ಹಿಂದೆಯೇ ಉಳಿಯುತ್ತದೆ.

ಇಂಗ್ಲಿಷಿನವರು ಇದಕ್ಕೆ ಬಾತುಕೋಳಿಯ ಕ್ವ್ಯಾಕ್ ಅನ್ನುತ್ತಾರೆ. ಕನ್ನಡದಲ್ಲಿ ದನಿಗೆ ಎಷ್ಟೊಂದು ಹೆಸರಿವೆ: ಕೀರಲು, ಗೊಗ್ಗರು, ಒಡಕು, ಸೀಳು, ಮೂಗುದನಿ. ಕೀರಲು ಅಂದರೆ ತೀರಾ ಮೇಲಿನ ದನಿಯಾಗುತ್ತದೆ. ಒಡಕು ಅಂದರೆ ಸ್ಪೀಕರ್ ಹಾಳಾಗಿದೆ ಅನ್ನಿಸುತ್ತದೆ. ನನಗೆ ಹಿಡಿಸಿದ್ದು ‘ಮೂಗುದನಿ’. ಪ್ರಿಆಂಪ್‌ನಲ್ಲಿ (ಪಿಕಪ್‌ನ ದನಿಯನ್ನು ಹೊಂದಿಸುವ ಭಾಗ) ಮಿಡ್ ಕಂಟ್ರೋಲ್, ಅಂದರೆ ಮಧ್ಯದ ದನಿಯ ಗುಂಡಿ, ಸ್ವಲ್ಪ ತಗ್ಗಿಸಿದರೆ ಈ ಗುಣ ಕಮ್ಮಿಯಾಗುತ್ತದೆ. ಮೂಗು ಕಟ್ಟಿದವರ ಮಾತಿನ ಗುಣವೂ ಹೆಚ್ಚುಕಮ್ಮಿ ಇದೇ. ಆದರೆ ಆ ‘ಟಕ್’ ಅನ್ನುವ ಏಟು ಈ ಪದದಲ್ಲಿ ಬರುವುದಿಲ್ಲ. ಎರಡನ್ನೂ ಹಿಡಿಯುವ ಒಂದೇ ಮಾತು ನಿಮಗೆ ಗೊತ್ತಿದೆಯೇ?

ಫೀಡ್‌ಬ್ಯಾಕ್‌ಗೆ (ಸ್ಪೀಕರಿನ ದನಿ ಮತ್ತೆ ಮೈಕ್ ಅಥವಾ ಪಿಕಪ್ ಸೇರಿ ಕೂಗುವುದು) ಮಾತ್ರ ಯೋಚನೆಯೇ ಬೇಕಾಗಲಿಲ್ಲ. ‘ಮೈಕ್ ಕೂಗುತ್ತಿದೆ’ ಅಂತ ಎಲ್ಲರೂ ಅನ್ನುತ್ತಾರೆ. ಗಿಟಾರಿನ ಕೂಗು ಗುಂಯ್ ಅಂತ ಕೆಳದನಿಯಲ್ಲಿ ಬರುತ್ತದೆ ಅಷ್ಟೇ. ಹಾಗೇ ಬರೆದಿದ್ದೇನೆ.

ಮತ್ತೆ ಆಕ್ಷನ್‌ಗೇ ಬರುತ್ತೇನೆ. ವೀಣೆಯ ಮೆಟ್ಟುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಮೇಣ ಹಳೆಯದಾದಾಗ ಮತ್ತೆ ಹೊಸದಾಗಿ ಕೂರಿಸಬೇಕಾಗುತ್ತದೆ. ಆ ಕೆಲಸ ಮಾಡುವವರು ತಂತಿಗೂ ಮೆಟ್ಟಿಗೂ ನಡುವಿನ ಈ ಜಾಗವನ್ನು ದಿನವೂ ನೋಡುತ್ತಾರೆ. ಅದು ಜಾಸ್ತಿ ಅಥವಾ ಕಮ್ಮಿ ಇದ್ದಾಗ ಅವರು ಏನನ್ನುತ್ತಾರೆ? ನಿಮ್ಮಲ್ಲಿ ವೀಣೆ ನುಡಿಸುವವರು, ರಿಪೇರಿಗೆ ಕೊಡುವಾಗ ಎದುರಿಗೆ ನಿಂತು ಕೇಳಿಸಿಕೊಂಡವರು ಇದ್ದರೆ ಅವರ ಮಾತನ್ನು ಹೇಗಿದೆಯೋ ಹಾಗೆ ಬರೆಯಿರಿ. ಅಂಥ ಪದ ಸಿಕ್ಕರೆ ನನ್ನ ‘ಸಂದು’ ಬಿಟ್ಟು ಅದನ್ನೇ ಹಾಕುತ್ತೇನೆ.