ಮನೆಯಲ್ಲೇ ಚೀಸ್ ಪಾಸ್ತಾ ಸಾಸ್: ಒಡೆಯದ ಹಾಗೆ, ಮರಳಾಗದ ಹಾಗೆ

ಪ್ರಶ್ನೆ: ಮೇಡಂ, ನಮಸ್ಕಾರ. ಪಾಸ್ತಾಗೆ ಚೀಸ್ ಸಾಸ್ ಮಾಡಿದಾಗಲೆಲ್ಲ ನನಗೆ ಒಂದೇ ತೊಂದರೆ. ಬೆಣ್ಣೆ, ಮೈದಾ, ಹಾಲು ಸೇರಿಸಿ ಗಟ್ಟಿಯಾಗುವ ತನಕ ಎಲ್ಲ ಚೆನ್ನಾಗಿಯೇ ಇರುತ್ತದೆ. ಆಮೇಲೆ ಚೀಸ್ ಹಾಕಿ ಎರಡು ನಿಮಿಷ ಕುದಿಸುತ್ತೇನೆ. ಅಷ್ಟರಲ್ಲಿ ಮೇಲೆ ಎಣ್ಣೆ ತೇಲುತ್ತದೆ, ನಾಲಿಗೆಗೆ ಮರಳು ಮರಳು ಅನ್ನಿಸುತ್ತದೆ. ಹೋಟೆಲಿನ ಹಾಗೆ ನುಣ್ಣಗೆ ಬರಬೇಕಾದರೆ ಕ್ರೀಮ್ ಹಾಕಲೇಬೇಕಾ? ಅಳತೆಯನ್ನೂ ಹೇಳಿದರೆ ಉಪಕಾರ.

ಉತ್ತರ: ನಮಸ್ಕಾರ. "ಚೀಸ್ ಹಾಕಿ ಎರಡು ನಿಮಿಷ ಕುದಿಸುತ್ತೇನೆ" ಅಂದಿರಲ್ಲ, ತೊಂದರೆ ಅಲ್ಲೇ ಇದೆ. ಚೀಸನ್ನು ಕುದಿಸಬಾರದು. ಅದು ಕರಗಿದರೆ ಸಾಕು.

ಕಾರಣ ಗೊತ್ತಾದರೆ ಕೈ ತಾನಾಗಿಯೇ ಸರಿಯಾಗುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚೀಸಿನಲ್ಲಿ ಇರುವುದು ಮುಖ್ಯವಾಗಿ ಪ್ರೋಟೀನ್, ಕೊಬ್ಬು ಮತ್ತು ನೀರು. ಪ್ರೋಟೀನ್ ಒಂದು ಬಲೆಯ ಹಾಗೆ ಹೆಣೆದುಕೊಂಡು ಕೊಬ್ಬನ್ನೂ ನೀರನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಆ ಹೆಣಿಗೆಗೆ ಗಂಟು ಹಾಕುವುದು ಕ್ಯಾಲ್ಸಿಯಂ. ಹದವಾಗಿ ಬಿಸಿ ಮಾಡಿದರೆ ಕೊಬ್ಬು ಕರಗುತ್ತದೆ, ಹೆಣಿಗೆ ಸಡಿಲವಾಗುತ್ತದೆ, ಚೀಸ್ ಹರಿಯುತ್ತದೆ. ಬಿಸಿ ಜಾಸ್ತಿಯಾದರೆ ಅದೇ ಪ್ರೋಟೀನ್ ಬಿಗಿದುಕೊಂಡು ಒಳಗಿದ್ದ ಕೊಬ್ಬನ್ನೂ ನೀರನ್ನೂ ಹೊರಗೆ ಹಿಂಡುತ್ತದೆ. ಬಿಗಿದ ಚೂರುಗಳೇ ನಿಮ್ಮ ನಾಲಿಗೆಗೆ ಸಿಗುವ ಮರಳು. ಹಿಂಡಿ ಬಂದ ಕೊಬ್ಬೇ ಮೇಲೆ ತೇಲುವ ಎಣ್ಣೆ.

ಈಗ ಅಳತೆ. ನಾಲ್ಕು ಜನಕ್ಕೆ 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ, 500 ಮಿಲಿ ಕೆನೆ ತೆಗೆಯದ ಹಾಲು, 150 ಗ್ರಾಂ ಚೀಸ್. ಬೆಣ್ಣೆ ಮತ್ತು ಮೈದಾ ತೂಕದಲ್ಲಿ ಸಮ ಇರಬೇಕು, ಚಮಚದ ಲೆಕ್ಕದಲ್ಲಿ ಅಲ್ಲ. ತಕ್ಕಡಿ ಇಲ್ಲದಿದ್ದರೆ ಬೆಣ್ಣೆ 2 ದೊಡ್ಡ ಚಮಚ, ಮೈದಾ ತಲೆ ಸವರಿದ 4 ದೊಡ್ಡ ಚಮಚ ಅಂದುಕೊಳ್ಳಿ. ಒಣ ಪಾಸ್ತಾ 300ರಿಂದ 350 ಗ್ರಾಂ.

ದಪ್ಪ ತಳದ ಪಾತ್ರೆಯಲ್ಲಿ, ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ. ನೊರೆ ಇಳಿದ ಮೇಲೆ ಮೈದಾ ಹಾಕಿ ಒಂದೂವರೆ ಎರಡು ನಿಮಿಷ ತಿರುವಿ. ಬಣ್ಣ ತಿರುಗಬಾರದು, ಹಸಿ ವಾಸನೆ ಮಾತ್ರ ಹೋಗಬೇಕು. ನಂತರ ಹಾಲು. ಮೊದಲು ಒಂದು ಸೌಟು ಮಾತ್ರ. ಅದು ಹಿಟ್ಟಿನ ಮುದ್ದೆಯಾಗುತ್ತದೆ, ಗಾಬರಿ ಬೇಡ. ಚೆನ್ನಾಗಿ ತಿರುವಿ ನುಣ್ಣಗೆ ಮಾಡಿ, ಇನ್ನೊಂದು ಸೌಟು ಹಾಕಿ. ಮುದ್ದೆ ತೆಳುವಾಗುತ್ತಾ ಬಂದ ಮೇಲೆ ಉಳಿದ ಹಾಲನ್ನು ಧಾರೆಯಾಗಿ ಸುರಿಯಬಹುದು.

ಇಲ್ಲಿಂದ ಮುಂದೆ ತುಂಬಾ ಜನ ಅವಸರ ಮಾಡುತ್ತಾರೆ. ಮೈದಾದ ಪಿಷ್ಟ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಊದಲು ಶುರುವಾಗುತ್ತದೆ, ಆದರೆ ಪೂರ್ತಿ ಗಟ್ಟಿಯಾಗುವುದು ಕುದಿಯುವ ಹೊತ್ತಿಗೆ. ಗಟ್ಟಿಯಾದ ಕೂಡಲೇ ಇಳಿಸಿದರೆ ಹಿಟ್ಟಿನ ರುಚಿ ಉಳಿದುಬಿಡುತ್ತದೆ. ಒಂದು ಕುದಿ ಬಂದ ಮೇಲೆ ಉರಿ ತೀರಾ ಸಣ್ಣ ಮಾಡಿ, ಐದರಿಂದ ಎಂಟು ನಿಮಿಷ ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ಇರಿ. ಚಮಚದ ಬೆನ್ನಿಗೆ ಸಾಸ್ ಹತ್ತಿಕೊಂಡು, ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು. ಒಂದು ಚಿಟಿಕೆ ಜಾಯಿಕಾಯಿ ತುರಿದು ಹಾಕಿ. ಹಾಲಿನ ಸಾಸಿಗೆ ಅದು ತುಂಬಾ ಒಪ್ಪುತ್ತದೆ.

ಈಗ ಒಲೆ ಆರಿಸಿ. ಸಣ್ಣ ಉರಿಯೂ ಬೇಡ. ಒಂದೆರಡು ನಿಮಿಷ ಬಿಡಿ, ಗುಳ್ಳೆ ಪೂರ್ತಿ ನಿಲ್ಲಲಿ. ಸಣ್ಣಗೆ ತುರಿದ ಚೀಸನ್ನು ಒಂದೊಂದೇ ಹಿಡಿ ಹಾಕಿ, ಒಂದು ಹಿಡಿ ಕರಗಿದ ಮೇಲೆ ಇನ್ನೊಂದು. ಚೀಸ್ ಕರಗಲು ಸಾಸಿನಲ್ಲಿ ಉಳಿದ ಬಿಸಿಯೇ ಸಾಕು. ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ, ಚೀಸಿನಲ್ಲೇ ಉಪ್ಪು ಇರುತ್ತದೆ.

ಕ್ರೀಮ್ ಬೇಕಾ ಅಂತ ಕೇಳಿದಿರಿ. ಬೇಡ. ಊದಿದ ಪಿಷ್ಟ ಚೀಸಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ತಡೆಯುತ್ತದೆ, ಕೊಬ್ಬು ಬೇರೆಯಾಗದ ಹಾಗೂ ನೋಡಿಕೊಳ್ಳುತ್ತದೆ. ಕ್ರೀಮ್ ಸಾಸ್ ಕೂಡ ಒಳ್ಳೆಯದೇ, ಆದರೆ ಅದರಲ್ಲಿ ಚೀಸಿನ ರುಚಿ ಸ್ವಲ್ಪ ಮುಚ್ಚಿಹೋಗುತ್ತದೆ. ಚೀಸ್ ರುಚಿಯೇ ಮುಂದೆ ಬರಬೇಕು ಅಂದರೆ ನಾನು ಹಾಲನ್ನೇ ಆರಿಸುತ್ತೇನೆ.

ಪ್ರಶ್ನೆ: ಮೇಡಂ, ಯಾವ ಚೀಸ್ ಹಾಕಬೇಕು? ನಾನು ಮೊಝರೆಲ್ಲಾ ಹಾಕಿದ್ದೆ. ಸಾಸ್ ಬದಲು ಉದ್ದುದ್ದ ಎಳೆ ಬಂತು, ಚಮಚ ಎತ್ತಿದರೆ ಪೂರ್ತಿ ಸಾಸೇ ಮೇಲೆ ಬರುತ್ತಿತ್ತು!

ಉತ್ತರ: ಅದು ಮೊಝರೆಲ್ಲಾದ ಸ್ವಭಾವ. ಅದನ್ನು ಮಾಡುವಾಗ ಒಡೆದ ಹಾಲಿನ ಗಡ್ಡೆಯನ್ನು ಬಿಸಿನೀರಿನಲ್ಲಿ ಎಳೆದು ಎಳೆದು ನಾದುತ್ತಾರೆ. ಪ್ರೋಟೀನ್ ಎಳೆಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ, ಕರಗಿದಾಗ ಹಾಗೇ ಎಳೆ ಬರುತ್ತದೆ. ಪಿಜ್ಜಾದ ಮೇಲೆ ಅದು ಚಂದ, ಸಾಸಿಗೆ ಬೇಡ.

ಸಾಸಿಗೆ ಎಳೆಯ ಚೆಡ್ಡಾರ್, ಗೌಡಾ, ಗ್ರುಯೇರ್, ಫೊಂಟಿನಾ ಇವು ಚೆನ್ನಾಗಿ ಕರಗುತ್ತವೆ. ತುಂಬಾ ಹಳೆಯದಾಗಿ ಮಾಗಿದ ಚೆಡ್ಡಾರಿಗೆ ರುಚಿ ಜಾಸ್ತಿ, ಆದರೆ ನೀರು ಕಡಿಮೆ, ಪ್ರೋಟೀನ್ ಹೆಣಿಗೆಯೂ ಮುರಿದಿರುತ್ತದೆ. ಅದಕ್ಕೇ ಬೇಗ ಎಣ್ಣೆ ಬಿಡುತ್ತದೆ. ನನ್ನ ಲೆಕ್ಕ ಹೀಗೆ: 150 ಗ್ರಾಂನಲ್ಲಿ 100 ಗ್ರಾಂ ಎಳೆಯ ಚೆಡ್ಡಾರ್ ಅಥವಾ ಗೌಡಾ, 50 ಗ್ರಾಂ ಚೆನ್ನಾಗಿ ಮಾಗಿದ ಗಟ್ಟಿ ಚೀಸ್. ಮೊದಲನೆಯದು ನುಣುಪಿಗೆ, ಎರಡನೆಯದು ರುಚಿಗೆ. ಅರ್ಧ ಚಮಚ ಸಾಸಿವೆ ಪುಡಿ ಹಾಕಿದರೆ ಚೀಸಿನ ರುಚಿ ಇನ್ನೂ ಎದ್ದು ಬರುತ್ತದೆ.

ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿ ಮಾಡಿದ ಪನೀರ್‌ನಂಥ ಚೀಸ್ ಎಷ್ಟು ಬಿಸಿ ಮಾಡಿದರೂ ಹರಿಯುವುದಿಲ್ಲ. ಅದನ್ನು ಮಿಕ್ಸಿಯಲ್ಲಿ ರುಬ್ಬಿ ಸೇರಿಸಬಹುದು, ಆದರೆ ಅದು ಬೇರೆಯದೇ ಸಾಸ್.

ಪ್ರಶ್ನೆ: ಪ್ಯಾಕೆಟ್‌ನಲ್ಲಿ ತುರಿದೇ ಬರುತ್ತದಲ್ಲ, ಅದು ನಡೆಯುತ್ತಾ?

ಉತ್ತರ: ನಡೆಯುತ್ತದೆ, ಆದರೆ ಅಷ್ಟು ನುಣ್ಣಗೆ ಬರುವುದಿಲ್ಲ. ತುರಿ ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಪಿಷ್ಟ ಅಥವಾ ಸೆಲ್ಯುಲೋಸ್ (ಸಸ್ಯದ ನಾರು) ಪುಡಿ ಸವರಿರುತ್ತಾರೆ. ಚೀಸ್ ಗಡ್ಡೆ ತಂದು ತುರಿಯುವುದು ಐದು ನಿಮಿಷದ ಕೆಲಸ, ಅಲ್ವಾ?

ಪ್ರಶ್ನೆ: ಅಕ್ಕಾ, ಪ್ರೊಸೆಸ್ಡ್ ಚೀಸ್ ಸ್ಲೈಸ್ ಹಾಕಿದರೆ ಸಾಸ್ ಒಡೆಯುವುದೇ ಇಲ್ಲ ಅಂತ ಗೆಳತಿ ಹೇಳಿದಳು. ಅದು "ನಿಜವಾದ ಚೀಸ್ ಅಲ್ಲ" ಅಂತಾರಲ್ಲ, ಹಾಕಬಹುದಾ?

ಉತ್ತರ: ಧಾರಾಳವಾಗಿ ಹಾಕಿ. ನಿಮ್ಮ ಗೆಳತಿ ಹೇಳಿದ್ದು ನಿಜ, ಅದರ ಹಿಂದೆ ಒಳ್ಳೆಯ ಕಾರಣವೂ ಇದೆ.

1911ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಚೀಸಿಗೆ ಸಿಟ್ರೇಟ್ ಲವಣ ಸೇರಿಸಿ ಕರಗಿಸಿ, ಕೆಡದೆ ಉಳಿಯುವ ಚೀಸ್ ಮಾಡಿದರು. ಪ್ರೊಸೆಸ್ಡ್ ಚೀಸ್ ಶುರುವಾಗಿದ್ದು ಹಾಗೆ. ಆ ಲವಣ ಮಾಡುವ ಕೆಲಸ ಬಹಳ ಸರಳ. ಮೇಲೆ ಹೇಳಿದ ಕ್ಯಾಲ್ಸಿಯಂ ಗಂಟು ನೆನಪಿದೆಯಲ್ಲ, ಅದು ಆ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಆ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಗಂಟು ಬಿಚ್ಚಿದ ಪ್ರೋಟೀನ್ ನೀರಿನ ಜೊತೆಗೂ ಕೊಬ್ಬಿನ ಜೊತೆಗೂ ಹೊಂದಿಕೊಳ್ಳುತ್ತದೆ. ಹಾಗಾಗಿ ಸಾಸ್ ಒಡೆಯುವುದಿಲ್ಲ.

ಸ್ಲೈಸಿನಲ್ಲಿ ಇಂಥ ಲವಣ ಆಗಲೇ ಇರುತ್ತದೆ. ಒಂದೆರಡು ಸ್ಲೈಸ್ ಹಾಕಿದರೆ ಉಳಿದ ಒಳ್ಳೆಯ ಚೀಸಿಗೂ ಅದರ ಉಪಯೋಗ ಸಿಗುತ್ತದೆ. ರುಚಿಗೆ ಮಾಗಿದ ಚೀಸ್, ನುಣುಪಿಗೆ ಒಂದು ಸ್ಲೈಸ್. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇಂಥ ಲವಣಗಳಲ್ಲಿ ಒಂದಾದ ಸೋಡಿಯಂ ಸಿಟ್ರೇಟ್ ಬಿಡಿಯಾಗಿ ಸಿಕ್ಕರೆ ಮೈದಾ ಬೆಣ್ಣೆ ಎರಡೂ ಬೇಡ. ಆಹಾರಕ್ಕೆ ಬಳಸುವ ದರ್ಜೆಯದ್ದೇ ತೆಗೆದುಕೊಳ್ಳಿ. 100 ಗ್ರಾಂ ಚೀಸ್‌ಗೆ 3ರಿಂದ 4 ಗ್ರಾಂ ಸಾಕು. ಹೆಚ್ಚುಕಡಿಮೆ ಚೀಸಿನಷ್ಟೇ ತೂಕದ ಹಾಲು ಬಿಸಿ ಮಾಡಿ, ಅದರಲ್ಲಿ ಇದನ್ನು ಕರಗಿಸಿ, ಆಮೇಲೆ ಚೀಸ್ ಸೇರಿಸುತ್ತಾ ಹೋಗಿ. ಅದಕ್ಕೂ ಉಪ್ಪಿನ ರುಚಿ ಇದೆ, ಬೇರೆ ಉಪ್ಪು ಹಾಕುವ ಮುಂಚೆ ನಾಲಿಗೆಗೆ ಮುಟ್ಟಿಸಿ ನೋಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಪಾರ್ಮೆಸಾನ್ ನಮಗೆ ಆಗುವುದಿಲ್ಲ ಅಂತ ಎಲ್ಲೋ ಓದಿದೆ. ಹೌದಾ?

ಉತ್ತರ: ಇಟಲಿಯ ಪಾರ್ಮಿಜಾನೊ ರೆಜಿಯಾನೊ ಹೆಸರಿನ ಚೀಸ್ ಆದರೆ ಹೌದು. ಅದನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲನ್ನು ಗಡ್ಡೆ ಕಟ್ಟಿಸುವ ವಸ್ತು) ಹಾಕಿಯೇ ಮಾಡಬೇಕು ಅನ್ನುವುದು ಅದರ ನಿಯಮ. ಬೇರೆ ಎಷ್ಟೋ ಚೀಸುಗಳಿಗೆ ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಬಳಸುತ್ತಾರೆ. ಪ್ಯಾಕೆಟ್ ಮೇಲೆ "ಮೈಕ್ರೋಬಿಯಲ್ ರೆನೆಟ್" ಅಂತ ಇದೆಯಾ ನೋಡಿ. ಅಂಥ ಗಟ್ಟಿ ಚೀಸುಗಳು ರುಚಿಯಲ್ಲಿ ಹತ್ತಿರವೇ ಇರುತ್ತವೆ.

ಪ್ರಶ್ನೆ: ಈಗ ಒಲೆ ಮೇಲೆ ಇದೆ, ಒಡೆದುಹೋಗಿದೆ! ಸರಿ ಮಾಡಬಹುದಾ?

ಉತ್ತರ: ಮೊದಲು ಒಲೆ ಆರಿಸಿ, ಪಾತ್ರೆ ಕೆಳಗಿಡಿ.

ಎಣ್ಣೆ ಮಾತ್ರ ಬಿಟ್ಟಿದ್ದು, ಸಾಸ್ ಇನ್ನೂ ನುಣ್ಣಗೇ ಇದೆ ಅಂದರೆ ಉಳಿಸಿಕೊಳ್ಳಬಹುದು. ಬಿಸಿ ಹಾಲು ಅಥವಾ ಪಾಸ್ತಾ ಬೆಂದ ನೀರು ಎರಡು ದೊಡ್ಡ ಚಮಚ ಹಾಕಿ ವಿಸ್ಕ್‌ನಿಂದ ಜೋರಾಗಿ ತಿರುವಿ. ಸಾಲದಿದ್ದರೆ ಇನ್ನೆರಡು ಚಮಚ. ಆಗಲೂ ಎಣ್ಣೆ ಸೇರದಿದ್ದರೆ ಪ್ರೊಸೆಸ್ಡ್ ಚೀಸ್ ಸ್ಲೈಸ್ ಒಂದನ್ನು ಹರಿದು ಹಾಕಿ ತಿರುವಿ. ಮರಳಾಗಲು ಈಗ ತಾನೇ ಶುರುವಾಗಿದ್ದರೆ ಹ್ಯಾಂಡ್ ಬ್ಲೆಂಡರ್ ಆಡಿಸಿ, ಎಷ್ಟೋ ಸುಧಾರಿಸುತ್ತದೆ. ಮಿಕ್ಸಿ ಜಾರ್‌ಗೆ ಹಾಕುವುದಾದರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಬಿಸಿ ಸಾಸ್‌ನ ಹಬೆ ಮುಚ್ಚಳ ಎಗರಿಸಿಬಿಡುತ್ತದೆ, ಕೈ ಮುಖ ಸುಡುತ್ತದೆ.

ಚೀಸ್ ಪೂರ್ತಿ ಉಂಡೆ ಕಟ್ಟಿ ರಬ್ಬರಿನಂತಾಗಿದ್ದರೆ ಮಾತ್ರ ಅದು ಮತ್ತೆ ಸಾಸ್ ಆಗುವುದಿಲ್ಲ. ಬೆಂದ ಪಾಸ್ತಾ ಜೊತೆ ಬೆರೆಸಿ, ಮೇಲೆ ಬ್ರೆಡ್ ಪುಡಿ ಉದುರಿಸಿ ಓವನ್‌ನಲ್ಲಿ ಕೆಂಪಗೆ ಬೇಯಿಸಿ. ತಿನ್ನಲು ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ವಿಷಯ. ನಿಂಬೆರಸ, ಟೊಮೆಟೊ ಏನಾದರೂ ಹಾಕಿದ್ದಿರಾ? ಹುಳಿ ಬಿದ್ದರೆ ಹಾಲೂ ಒಡೆಯುತ್ತದೆ, ಚೀಸೂ ಬೇಗ ಬಿಗಿಯುತ್ತದೆ. ಹುಳಿ ಬೇಕೆನಿಸಿದರೆ ತಟ್ಟೆಗೆ ಬಡಿಸಿದ ಮೇಲೆ ಎರಡು ಹನಿ ಹಿಂಡಿಕೊಳ್ಳಿ.

ಪ್ರಶ್ನೆ: ಗೋಧಿ, ಮೈದಾ ನನಗೆ ಆಗುವುದಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಕಾರ್ನ್‌ಫ್ಲೋರ್ ಬಳಸಿ. ಅದರ ಗಟ್ಟಿ ಮಾಡುವ ಶಕ್ತಿ ಮೈದಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ 500 ಮಿಲಿ ಹಾಲಿಗೆ 15 ಗ್ರಾಂ ಸಾಕು. ತಣ್ಣನೆಯ ಹಾಲಿನಲ್ಲಿ ಕದಡಿ, ಕುದಿಯುವ ಹಾಲಿಗೆ ತಿರುವುತ್ತಾ ಸುರಿಯಿರಿ. ಒಂದು ಕುದಿ ಬಂದರೆ ಆಯಿತು. ಆಮೇಲೆ ಒಲೆ ಆರಿಸಿ ಚೀಸ್. ಪಾಸ್ತಾ ಕೂಡ ಗೋಧಿಯದೇ ಆಗಿರುತ್ತದೆ, ಗ್ಲುಟನ್ ಇಲ್ಲದ ಪಾಸ್ತಾವನ್ನೇ ತನ್ನಿ.

ಕೆಲವರು ಇದಕ್ಕೆ ಇವಾಪೊರೇಟೆಡ್ ಹಾಲು ಬಳಸುತ್ತಾರೆ. ಒಳ್ಳೆಯದೇ, ನೀರು ಇಂಗಿಸಿದ ಹಾಲು ಅದು. ಕಂಡೆನ್ಸ್ಡ್ ಮಿಲ್ಕ್ ಡಬ್ಬಿ ಮಾತ್ರ ತೆಗೆದುಬಿಡಬೇಡಿ, ಅದರಲ್ಲಿ ಸಕ್ಕರೆ ಇರುತ್ತದೆ.

ಪ್ರಶ್ನೆ: ಮೇಡಂ, ರೋಮ್‌ನವರು ಹಾಲು, ಬೆಣ್ಣೆ, ಮೈದಾ ಏನೂ ಇಲ್ಲದೆ ಬರೀ ಚೀಸ್, ಕಾಳುಮೆಣಸು, ಪಾಸ್ತಾ ನೀರಿನಲ್ಲೇ ಮಾಡುತ್ತಾರಲ್ಲ, ಕಾಚೊ ಎ ಪೆಪೆ. ನಾನು ಮಾಡಿದರೆ ಉಂಡೆ ಕಟ್ಟುತ್ತದೆ.

ಉತ್ತರ: ನನಗೆ ತುಂಬಾ ಇಷ್ಟದ ಅಡುಗೆ, ಕಷ್ಟದ್ದೂ ಹೌದು. ಇಲ್ಲಿ ಚೀಸನ್ನು ಕಾಪಾಡಲು ಇರುವುದು ಪಾಸ್ತಾ ನೀರಿಗೆ ಬಿಟ್ಟ ಪಿಷ್ಟ ಮಾತ್ರ. ಮನೆಯಲ್ಲಿ ದೊಡ್ಡ ಪಾತ್ರೆ ತುಂಬ ನೀರಿಟ್ಟು ಸ್ವಲ್ಪ ಪಾಸ್ತಾ ಬೇಯಿಸಿದರೆ ಆ ನೀರಿನಲ್ಲಿ ಪಿಷ್ಟ ಏನೇನೂ ಸಾಲದು.

ಇದನ್ನು ಭೌತವಿಜ್ಞಾನಿಗಳು ಅಳೆದೂ ನೋಡಿದ್ದಾರೆ. 2025ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕೆ ಅದೇ ವರ್ಷ ಇಗ್ ನೊಬೆಲ್ (ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ) ಬಹುಮಾನ ಬಂತು. ಅವರ ಪ್ರಕಾರ ಪಿಷ್ಟ ಚೀಸಿನ ತೂಕದ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ಬಿಸಿಗೆ ಉಂಡೆ ಕಟ್ಟುತ್ತದೆ, ಶೇಕಡಾ 2ರಿಂದ 3 ಇದ್ದರೆ ಸಾಸ್ ನುಣ್ಣಗೆ ನಿಲ್ಲುತ್ತದೆ. ಅಂದರೆ 200 ಗ್ರಾಂ ಪೆಕೊರಿನೊ ರೊಮಾನೊಗೆ (ಕುರಿ ಹಾಲಿನ ಗಟ್ಟಿ ಚೀಸ್) 5 ಗ್ರಾಂ ಕಾರ್ನ್‌ಫ್ಲೋರ್. ಅದನ್ನು 50 ಮಿಲಿ ನೀರಿನಲ್ಲಿ ಕದಡಿ, ಗಟ್ಟಿಯಾಗಿ ಪಾರದರ್ಶಕವಾಗುವ ತನಕ ಬಿಸಿ ಮಾಡಿ. ಸ್ವಲ್ಪ ಆರಿಸಿ, ಚೀಸ್ ಜೊತೆ ರುಬ್ಬಿ. ಪಾಸ್ತಾ ಬಸಿದು ಒಂದು ನಿಮಿಷ ಬಿಟ್ಟು, ಒಲೆಯಿಂದ ದೂರ ಇಟ್ಟೇ ಬೆರೆಸಿ. ಬೇಕಾದಷ್ಟು ಪಾಸ್ತಾ ನೀರು ಸೇರಿಸಿ ಹದ ಮಾಡಿಕೊಳ್ಳಿ. ಕಾಳುಮೆಣಸು ಆಗಲೇ ಹುರಿದು ಕುಟ್ಟಿದ್ದಾಗಿರಲಿ. ಕಾರ್ನ್‌ಫ್ಲೋರ್ ಹಾಕಿದರೆ ಸಂಪ್ರದಾಯ ಕೆಡುತ್ತದೆ ಅನ್ನುವವರೂ ಇದ್ದಾರೆ. ನುರಿತ ಕೈಗೆ ಅದು ಬೇಡ, ಕಲಿಯುವವರಿಗೆ ಅದು ಧೈರ್ಯ ಕೊಡುತ್ತದೆ.

ಪ್ರಶ್ನೆ: ಮಾಡಿದಾಗ ಸಾಸ್ ಸರಿ ಇರುತ್ತದೆ. ತಿನ್ನಲು ಕೂರುವಷ್ಟರಲ್ಲಿ ಮುದ್ದೆಯಾಗಿಬಿಡುತ್ತದೆ. ಮಿಕ್ಕಿದ್ದನ್ನು ಎಷ್ಟು ದಿನ ಇಡಬಹುದು?

ಉತ್ತರ: ಪಾಸ್ತಾ ಸಾಸಿನ ನೀರು ಎಳೆದುಕೊಳ್ಳುತ್ತದೆ, ಸಾಸೂ ಆರುತ್ತಾ ಗಟ್ಟಿಯಾಗುತ್ತದೆ. ಅದಕ್ಕೆ ಒಲೆಯಿಂದ ಇಳಿಸುವಾಗ ಸಾಸ್ "ಸ್ವಲ್ಪ ತೆಳು ಆಯ್ತಲ್ಲ" ಅನ್ನಿಸುವ ಹಾಗೇ ಇರಲಿ. ಪಾಸ್ತಾ ನೀರಿಗೆ ಲೀಟರಿಗೆ 10 ಗ್ರಾಂ ಉಪ್ಪು ಹಾಕಿ, ಪ್ಯಾಕೆಟ್ ಹೇಳಿದ್ದಕ್ಕಿಂತ ಒಂದೆರಡು ನಿಮಿಷ ಮುಂಚೆ ಬಸಿಯಿರಿ. ಉಳಿದದ್ದು ಸಾಸಿನ ಬಿಸಿಯಲ್ಲೇ ಬೇಯುತ್ತದೆ. ಬಸಿಯುವ ಮುಂಚೆ ಒಂದು ಲೋಟ ನೀರು ತೆಗೆದಿಡುವುದನ್ನು ಮರೆಯಬೇಡಿ. ಬಡಿಸುವಾಗ ಗಟ್ಟಿ ಅನ್ನಿಸಿದರೆ ಎರಡು ಚಮಚ ಅದೇ ನೀರು ಸಾಕು.

ಮಿಕ್ಕಿದ ಸಾಸನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಬೆಣ್ಣೆ ಕಾಗದವನ್ನು ಸಾಸಿಗೆ ತಾಗುವ ಹಾಗೆ ಮುಚ್ಚಿದರೆ ಮೇಲೆ ಕೆನೆ ಕಟ್ಟುವುದಿಲ್ಲ. ಫ್ರೀಜರ್‌ನಲ್ಲಿ ಇಡಬೇಡಿ, ಮೈದಾ ಸಾಸ್ ಕರಗುವಾಗ ನೀರು ಬಿಟ್ಟುಕೊಳ್ಳುತ್ತದೆ. ಮತ್ತೆ ಬಿಸಿ ಮಾಡುವಾಗ ಸ್ವಲ್ಪ ಹಾಲು ಸೇರಿಸಿ, ತೀರಾ ಸಣ್ಣ ಉರಿಯಲ್ಲಿ ತಿರುವುತ್ತಾ ಬಿಸಿ ಮಾಡಿ. ಮೈಕ್ರೋವೇವ್ ಆದರೆ ಅರ್ಧ ಪವರ್ ಇಟ್ಟು, ಅರ್ಧರ್ಧ ನಿಮಿಷಕ್ಕೆ ತೆಗೆದು ಕಲಸಿ. ಪೂರ್ತಿ ಹಬೆಯಾಡುವಷ್ಟು ಬಿಸಿಯಾಗಲಿ, ಗುಳ್ಳೆ ಏಳುವ ಮುಂಚೆ ಇಳಿಸಿ.