ಎಣ್ಣೆಯಿಲ್ಲದ ಲೀನಿಯರ್ ಕಂಪ್ರೆಸರ್: ಪಿಸ್ಟನ್ ವಾಲ್ವ್ ಪ್ಲೇಟಿಗೆ ಬಡಿಯುತ್ತಿದೆ, ಏನು ಮಾಡಬೇಕು?

ಕೇಳಿದ್ದು: ನಮ್ಮದು ಲೀನಿಯರ್ ಕಂಪ್ರೆಸರ್ (ಮೋಟಾರ್ ಪಿಸ್ಟನ್ನನ್ನು ನೇರವಾಗಿ ಹಿಂದೆಮುಂದೆ ಆಡಿಸುತ್ತದೆ). 20 ಮಿ.ಮೀ. ವ್ಯಾಸದ ಪಿಸ್ಟನ್, ಫ್ಲೆಕ್ಷರ್ ಸ್ಪ್ರಿಂಗ್ (ಬಾಗುವ ತೆಳು ಲೋಹದ ತಟ್ಟೆ), ಆರ್134ಎ (ತಂಪು ಮಾಡುವ ಅನಿಲ). ಪೊಸಿಷನ್ ಸೆನ್ಸರ್ ಇಲ್ಲ; ಕಾಯಿಲ್‌ನ ವೋಲ್ಟೇಜ್, ಕರೆಂಟ್ ನೋಡಿ ಸ್ಟ್ರೋಕ್ (ಪಿಸ್ಟನ್ ಆಡುವ ದೂರ) ಲೆಕ್ಕ ಹಾಕುತ್ತಿದ್ದೇವೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಡಿಯುತ್ತದೆ, ಬಿಸಿಯಾದ ಮೇಲೆ ಕೂಲಿಂಗ್ ಸಾಲದು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಉತ್ತರ: ಎರಡಕ್ಕೂ ಮೂಲ ಒಂದೇ ಇರಬಹುದು ಸರ್. ಕಾಯಿಲ್ ರೆಸಿಸ್ಟೆನ್ಸನ್ನು ಬದಲಾಗದ ಸಂಖ್ಯೆಯಾಗಿ ಕೊಟ್ಟಿದ್ದೀರಾ ನೋಡಿ. 25 ಡಿಗ್ರಿಯಲ್ಲಿ 10 ಓಮ್ ಇರುವ ತಾಮ್ರದ ಕಾಯಿಲ್ 85 ಡಿಗ್ರಿಗೆ ಸುಮಾರು 12.3 ಓಮ್ ಆಗುತ್ತದೆ. ವೋಲ್ಟೇಜಿನಿಂದ ರೆಸಿಸ್ಟೆನ್ಸ್, ಇಂಡಕ್ಟೆನ್ಸಿನ ಪಾಲು ಕಳೆದರೆ ಉಳಿಯುವುದು ಬ್ಯಾಕ್ ಇಎಂಎಫ್ (ಪಿಸ್ಟನ್ ಚಲನೆಯಿಂದ ಕಾಯಿಲಿನಲ್ಲಿ ಹುಟ್ಟುವ ವೋಲ್ಟೇಜ್); ಅದನ್ನು ಇಂಟಿಗ್ರೇಟ್ ಮಾಡಿದರೆ (ಕ್ಷಣಕ್ಷಣಕ್ಕೂ ಕೂಡಿಸಿದರೆ) ಸ್ಟ್ರೋಕ್ ಸಿಗುತ್ತದೆ. ರೆಸಿಸ್ಟೆನ್ಸಿಗೆ ನಡುವಿನ ಬೆಲೆ ಇಟ್ಟರೆ ತಣ್ಣಗಿದ್ದಾಗ ವೋಲ್ಟೇಜಿನಿಂದ ಹೆಚ್ಚು ಕಳೆದು, ಸ್ಟ್ರೋಕ್ ಇರುವುದಕ್ಕಿಂತ ಕಡಿಮೆ ಅಂತ ಲೆಕ್ಕ ಬರುತ್ತದೆ. ಕಂಟ್ರೋಲರ್ ಇನ್ನಷ್ಟು ತಳ್ಳುತ್ತದೆ. ಬಿಸಿಯಾದಾಗ ಇದೇ ತಪ್ಪು ತಿರುಗಿ ಸ್ಟ್ರೋಕ್ ಕುಗ್ಗುತ್ತದೆ. ಸ್ಟಾರ್ಟಿಗೆ ಮುಂಚೆ ಸಣ್ಣ ಡಿ.ಸಿ. ಕೊಟ್ಟು ರೆಸಿಸ್ಟೆನ್ಸ್ ಅಳೆಯಿರಿ. ಓಡುವಾಗಲೂ ಅಳೆಯಬಹುದು: ಬ್ಯಾಕ್ ಇಎಂಎಫ್‌ನ ಸರಾಸರಿ ಸೊನ್ನೆ, ಹಾಗಾಗಿ ಡಿ.ಸಿ. ವೋಲ್ಟೇಜನ್ನು ಡಿ.ಸಿ. ಕರೆಂಟಿನಿಂದ ಭಾಗಿಸಿದರೆ ಸಿಗುವುದು ರೆಸಿಸ್ಟೆನ್ಸೇ.

ಕೇಳಿದವರು: ಡಿ.ಸಿ. ಕೊಟ್ಟರೆ ಪಿಸ್ಟನ್ ಸರಿಯುವುದಿಲ್ಲವೇ?

ಉತ್ತರ: ಸರಿಯುತ್ತದೆ. ಮೋಟಾರ್ ಬಲ ಆಂಪಿಯರಿಗೆ 50 ನ್ಯೂಟನ್, ಸ್ಪ್ರಿಂಗ್ ಮಿ.ಮೀ.ಗೆ 25 ನ್ಯೂಟನ್ ಅಂದುಕೊಂಡರೆ 0.1 ಆಂಪಿಯರಿಗೆ 0.2 ಮಿ.ಮೀ. ಅದಕ್ಕೇ ಹೆಡ್ಡಿನಿಂದ (ವಾಲ್ವ್ ಪ್ಲೇಟ್ ಇರುವ ತುದಿ) ದೂರ ತಳ್ಳುವ ದಿಕ್ಕಿನಲ್ಲೇ ಕೊಡಿ.

ಇನ್ನೊಬ್ಬರು: ಸ್ಟ್ರೋಕ್ ಸರಿ ಬಂದ ಮಾತ್ರಕ್ಕೆ ಸುರಕ್ಷಿತ ಅಂದುಕೊಳ್ಳಬೇಡಿ. ಇಂಟಿಗ್ರೇಟ್ ಮಾಡಿದಾಗ ಸಿಗುವುದು ಪಿಸ್ಟನ್ ಎಷ್ಟು ಆಡುತ್ತಿದೆ ಅನ್ನುವುದಷ್ಟೇ. ಯಾವ ನಡುಬಿಂದುವಿನ ಸುತ್ತ ಅನ್ನುವುದು ಸಿಗುವುದಿಲ್ಲ. ಸಿಲಿಂಡರಿನ ಸರಾಸರಿ ಒತ್ತಡ ಪಿಸ್ಟನ್ ಹಿಂಬದಿಗಿಂತ 1 ಬಾರ್ ಹೆಚ್ಚಾದರೂ ಈ ಪಿಸ್ಟನ್ ಮೇಲೆ 31 ನ್ಯೂಟನ್ ಬೀಳುತ್ತದೆ, ಅದೇ ಸ್ಪ್ರಿಂಗ್ ಲೆಕ್ಕದಲ್ಲಿ ನಡುಬಿಂದು 1.2 ಮಿ.ಮೀ. ಹಿಂದೆ ಹೋಗುತ್ತದೆ. ಸ್ಟಾರ್ಟ್ ಸಮಯದಲ್ಲಿ ಎರಡೂ ಕಡೆ ಒತ್ತಡ ಸಮ. ಈ ಹಿನ್ನಡೆ ಇರುವುದಿಲ್ಲ. ಓಡುವಾಗ ಸರಿಹೋಗುವ ಸ್ಟ್ರೋಕ್ ಆಗ ನೇರ ಪ್ಲೇಟಿಗೆ ಮುಟ್ಟುತ್ತದೆ. ಹಾಗಾಗಿ ಸ್ಟ್ರೋಕಿನ ಮಿತಿಯನ್ನು ಒತ್ತಡದ ವ್ಯತ್ಯಾಸ ಏರಿದಂತೆ ಏರಿಸಿ, ಮೊದಲೇ ಪೂರ್ತಿ ಬಿಡಬೇಡಿ.

ಮತ್ತೊಬ್ಬರು: ಲೆಕ್ಕಕ್ಕೆ ಕಮಾಂಡ್ ವೋಲ್ಟೇಜ್ (ಕಂಟ್ರೋಲರ್ ಕೇಳಿದ್ದು) ಬಳಸಬೇಡಿ, ಇನ್ವರ್ಟರಿನ ಡೆಡ್‌ಟೈಮ್ (ಎರಡು ಸ್ವಿಚ್ ಒಟ್ಟಿಗೆ ಆನ್ ಆಗದಂತೆ ಇಡುವ ಸಣ್ಣ ಬಿಡುವು) ಅದನ್ನು ಕೆಡಿಸುತ್ತದೆ, ಕಾಯಿಲ್ ತುದಿಯಲ್ಲೇ ಅಳೆಯಿರಿ. ಶುದ್ಧ ಇಂಟಿಗ್ರೇಟರ್ ಕರೆಂಟ್ ಸೆನ್ಸರಿನ ಸಣ್ಣ ಆಫ್‌ಸೆಟ್ಟಿಗೇ ಜಾರುತ್ತಾ ಹೋಗುತ್ತದೆ. ಹೈಪಾಸ್ ಫಿಲ್ಟರ್ (ನಿಧಾನ ಬದಲಾವಣೆಯನ್ನು ತಡೆಯುವುದು) ಸೇರಿಸಿ, ಆದರೆ 50 ಹರ್ಟ್ಸ್‌ಗೆ 5 ಹರ್ಟ್ಸ್ ಕಟಾಫ್ ಇಟ್ಟರೆ ಫೇಸ್ 5.7 ಡಿಗ್ರಿ ತಪ್ಪುತ್ತದೆ. 1 ಹರ್ಟ್ಸ್‌ಗೆ 1.1 ಡಿಗ್ರಿ ಮಾತ್ರ. ರೆಸೊನೆನ್ಸ್ (ಕಡಿಮೆ ಕರೆಂಟಿಗೆ ಹೆಚ್ಚು ಆಡುವ ಫ್ರೀಕ್ವೆನ್ಸಿ) ಹುಡುಕುವುದು ಈ ಫೇಸಿನಿಂದಲೇ (ಕರೆಂಟಿಗೂ ಸ್ಥಾನಕ್ಕೂ 90 ಡಿಗ್ರಿ), ಆದ್ದರಿಂದ ಕಟಾಫ್ ಕಡಿಮೆಯೇ ಇರಲಿ. ರೆಸೊನೆನ್ಸ್ ಹಿಂಬಾಲಿಸುವ ಫ್ರೀಕ್ವೆನ್ಸಿ ಲೂಪ್ (ಅಳೆದು ತಿದ್ದುವ ನಿಯಂತ್ರಣ) ಸ್ಟ್ರೋಕ್ ಲೂಪಿಗಿಂತ ಬಹಳ ನಿಧಾನವಿರಲಿ, ಇಲ್ಲದಿದ್ದರೆ ಎರಡೂ ಒಂದನ್ನೊಂದು ಎಳೆದಾಡುತ್ತವೆ.

ಒಂದು ಯೂನಿಟ್ಟಿಗಾದರೂ ಪಿಸ್ಟನ್ ಹಿಂದೆ ಎಲ್‌ವಿಡಿಟಿ (ಸ್ಥಾನ ಅಳೆಯುವ ಸೆನ್ಸರ್) ಕೂರಿಸಿ. ನಿಲ್ಲಿಸಿದ್ದಾಗ ಡಿ.ಸಿ.ಯಿಂದ ಮೆಲ್ಲಗೆ ತಳ್ಳಿ ಪ್ಲೇಟಿಗೆ ತಾಗಿದ ಜಾಗವನ್ನು ಸೊನ್ನೆ ಅಂತ ಗುರುತಿಸಿ, ಅಂದಾಜನ್ನು ಅದರ ಜೊತೆ ಹೋಲಿಸಿ. ಮೊದಲು 0.5 ಮಿ.ಮೀ. ಅಂತರ ಬಿಟ್ಟು ಓಡಿಸಿ. ತಣ್ಣಗೆ, ಬಿಸಿ ಎರಡರಲ್ಲೂ ಲೆಕ್ಕ ಹೊಂದಿದ ಮೇಲಷ್ಟೇ ಕಡಿಮೆ ಮಾಡಿ.